ಹೃದಯ ನಿಂತಾಗ, ತಲೆಗೆ ಭಾರೀ ಪೆಟ್ಟು ಬಿದ್ದಾಗ: ಮೊದಲ ನಿಮಿಷದಿಂದ ಐಸಿಯುವರೆಗೆ ಸಮಗ್ರ ಮಾರ್ಗದರ್ಶಿ

ಕುಸಿದು ಬಿದ್ದವರ ತಲೆಯಿಂದ ರಕ್ತ ಹರಿಯುತ್ತಿದ್ದರೆ ಸುತ್ತ ಸೇರಿದವರ ಕಣ್ಣೆಲ್ಲ ಆ ರಕ್ತದ ಮೇಲೆಯೇ ಇರುತ್ತದೆ. ಒಬ್ಬರು ಬಟ್ಟೆ ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಮತ್ತೊಬ್ಬರು ತಲೆಯೆತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಉಸಿರಾಟ ಇದೆಯೇ ಎಂದು ನೋಡುವುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಬಿದ್ದವರು ಎಡವಿ ತಲೆ ಒಡೆದುಕೊಂಡವರೇ ಆಗಿರಬೇಕೆಂದೇನಿಲ್ಲ. ಹೃದಯ ನಿಂತುಹೋಗಿ, ಕೈಯೂರಿಕೊಳ್ಳಲೂ ಆಗದೆ ದೊಪ್ಪನೆ ಬಿದ್ದವರೂ ಆಗಿರಬಹುದು. ಹಾಗಿದ್ದಲ್ಲಿ ಹಣೆಯ ಗಾಯಕ್ಕೆ ಕಟ್ಟು ಕಟ್ಟಿ ಮುಗಿಸುವಷ್ಟರಲ್ಲಿ ಮಿದುಳು ಕೈತಪ್ಪಿ ಹೋಗಿರುತ್ತದೆ.

ಹೃದಯ ಸ್ತಂಭನವನ್ನೂ ತಲೆಯ ಭಾರೀ ಪೆಟ್ಟನ್ನೂ ಒಂದೇ ಬರಹದಲ್ಲಿ ತಂದಿರುವುದು ಇದೇ ಕಾರಣಕ್ಕೆ. ಎರಡರಲ್ಲೂ ಕೊನೆಗೆ ಉಳಿಸಿಕೊಳ್ಳಬೇಕಾದದ್ದು ಮಿದುಳನ್ನು. ಹೃದಯ ನಿಂತ 10-20 ಸೆಕೆಂಡಿನೊಳಗೆ ಪ್ರಜ್ಞೆ ತಪ್ಪುತ್ತದೆ. ರಕ್ತ ಹರಿಯದೆ 4ರಿಂದ 6 ನಿಮಿಷ ಕಳೆದರೆ ಮಿದುಳಿನ ಕೋಶಗಳಿಗೆ ಮತ್ತೆ ಸರಿಹೋಗದಂಥ ಹಾನಿ ಶುರುವಾಗುತ್ತದೆ. ತಲೆಗೆ ಪೆಟ್ಟು ಬಿದ್ದಾಗ ಆ ಕ್ಷಣದಲ್ಲೇ ಹರಿದ ನರತಂತು, ಜಜ್ಜಿಹೋದ ಭಾಗವನ್ನು ಯಾವ ವೈದ್ಯರೂ ಮೊದಲಿನಂತೆ ಮಾಡಲಾರರು. ಆದರೆ ಅದರ ಬೆನ್ನಿಗೇ ಎರಡನೆಯ ಪೆಟ್ಟು ಬರುತ್ತದೆ: ಆಮ್ಲಜನಕದ ಕೊರತೆ, ಬಿಪಿ ಕುಸಿತ, ತಲೆಬುರುಡೆಯೊಳಗೆ ಏರುವ ಒತ್ತಡ. ನಿಮಿಷಗಳಿಂದ ಹಿಡಿದು ದಿನಗಟ್ಟಲೆ ನಡೆಯುವ ಈ ಎರಡನೆಯ ಪೆಟ್ಟನ್ನು ತಡೆಯಬಹುದು. ತುರ್ತು ಚಿಕಿತ್ಸೆಯೆಂದರೆ ಬಹುಪಾಲು ಅದನ್ನು ತಡೆಯುವ ಕೆಲಸವೇ.

ಮೊದಲ ಹತ್ತು ಸೆಕೆಂಡು

ಹತ್ತಿರ ಹೋಗುವ ಮುನ್ನ ಸುತ್ತ ಒಮ್ಮೆ ನೋಡಿ. ಓಡುವ ವಾಹನ, ತುಂಡಾಗಿ ಬಿದ್ದ ವಿದ್ಯುತ್ ತಂತಿ, ಸೋರುವ ಗ್ಯಾಸ್ ಇದ್ದರೆ ಮೊದಲು ಅದರಿಂದ ನೀವು ಪಾರಾಗಬೇಕು. ಆಮೇಲೆ ಪಕ್ಕದಲ್ಲಿ ಮಂಡಿಯೂರಿ, ಎರಡೂ ಭುಜ ತಟ್ಟಿ, ಗಟ್ಟಿಯಾಗಿ ಕೂಗಿ ಮಾತಾಡಿಸಿ. ಕುತ್ತಿಗೆಗೆ ಏಟು ಬಿದ್ದಿರಬಹುದಾದ್ದರಿಂದ ಹಿಡಿದು ಅಲುಗಾಡಿಸಬೇಡಿ.

ಉತ್ತರ ಬರದಿದ್ದರೆ ಸಹಾಯಕ್ಕೆ ಕರೆಯಿರಿ. ಗುಂಪಿಗೆ ಹೇಳಿದ ಮಾತನ್ನು ಯಾರೂ ಮೈಮೇಲೆ ಹಾಕಿಕೊಳ್ಳುವುದಿಲ್ಲ. ಒಬ್ಬರ ಕಡೆ ಕೈ ತೋರಿಸಿ "ನೀವು ಆಂಬುಲೆನ್ಸ್‌ಗೆ ಫೋನ್ ಮಾಡಿ", ಇನ್ನೊಬ್ಬರಿಗೆ "ನೀವು ಎಇಡಿ ಎಲ್ಲಿದೆ ನೋಡಿ ತನ್ನಿ" ಎಂದು ಹೇಳಿ. ಎಇಡಿ ಎಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಪುಟ್ಟ ಯಂತ್ರ. ಒಬ್ಬರೇ ಇದ್ದರೆ ತುರ್ತು ಸಂಖ್ಯೆಗೆ ಕರೆ ಮಾಡಿ ಫೋನನ್ನು ಸ್ಪೀಕರ್‌ನಲ್ಲಿಟ್ಟು ನೆಲದ ಮೇಲಿಡಿ. ಆ ಕಡೆಯವರು ಏನು ಮಾಡಬೇಕೆಂದು ಹೇಳಿಕೊಡುವ ವ್ಯವಸ್ಥೆ ಬಹಳ ಕಡೆ ಇದೆ.

ಈಗ ಎದೆಯ ಮೇಲೆ ಕಣ್ಣಿಟ್ಟು, ಬಾಯಿ ಮೂಗಿನ ಹತ್ತಿರ ಕಿವಿಯಿಟ್ಟು 10 ಸೆಕೆಂಡಿಗೆ ಮೀರದಂತೆ ಉಸಿರಾಟ ನೋಡಿ. ಜನ ಹೆಚ್ಚಾಗಿ ಮೋಸ ಹೋಗುವುದು ಇಲ್ಲೇ. ಹೃದಯ ನಿಂತ ಮೊದಲ ಕೆಲವು ನಿಮಿಷ ಎಷ್ಟೋ ಮಂದಿ ಏದುಸಿರಿನಂತೆ ಬಾಯಿ ತೆರೆದು ತೆರೆದು ಗಾಳಿ ಎಳೆಯುತ್ತಾರೆ. ಗೊರಕೆಯ ಹಾಗೆ ಸದ್ದು ಬರುತ್ತದೆ. ಒಂದು ಎಳೆತಕ್ಕೂ ಇನ್ನೊಂದಕ್ಕೂ ಬಹಳ ಹೊತ್ತಾಗುತ್ತದೆ, ದವಡೆ ಅಲುಗಿದರೂ ಎದೆ ಸರಿಯಾಗಿ ಏರುವುದಿಲ್ಲ. ಇದನ್ನು ಕಂಡು "ಉಸಿರಿದೆ" ಎಂದು ಕೈಕಟ್ಟಿ ನಿಂತರೆ ಅವರನ್ನು ಕಳೆದುಕೊಂಡಂತೆಯೇ. ಇದು ಉಸಿರಾಟವಲ್ಲ, ಮಿದುಳಿನ ಕಾಂಡದ ಕೊನೆಯ ಪ್ರತಿವರ್ತನೆ. ಕೆಲವರಿಗೆ ಆ ಹೊತ್ತಿಗೆ ಕೈಕಾಲು ಸೆಟೆದು ಫಿಟ್ಸ್ ಬಂದಂತೆಯೂ ಕಾಣುತ್ತದೆ. ಸೆಳೆತ ನಿಂತ ಮೇಲೂ ಉಸಿರು ಸಹಜವಾಗಿಲ್ಲದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ.

ನಾಡಿ ಹುಡುಕುತ್ತಾ ಕೂರಬೇಡಿ. ಗಾಬರಿಯಲ್ಲಿ ನಮ್ಮದೇ ಬೆರಳಿನ ಮಿಡಿತ ಅವರ ನಾಡಿಯಂತೆ ಭಾಸವಾಗುತ್ತದೆ. ಪ್ರಜ್ಞೆಯಿಲ್ಲ, ಸಹಜ ಉಸಿರಾಟವಿಲ್ಲ: ಇವೆರಡಿದ್ದರೆ ಸಿಪಿಆರ್, ಅಂದರೆ ಎದೆ ಒತ್ತಿ ರಕ್ತ ಹರಿಸುವ ಕೆಲಸ, ಶುರುಮಾಡಲು ಸಾಕು. ಒಂದು ವೇಳೆ ಹೃದಯ ನಿಂತಿರದಿದ್ದರೂ ಎದೆ ಒತ್ತಿದ್ದರಿಂದ ಗಂಭೀರ ಹಾನಿಯಾಗುವುದು ತೀರ ಅಪರೂಪ. ಒತ್ತದಿದ್ದರೆ ಆಗುವ ನಷ್ಟಕ್ಕೆ ಪರಿಹಾರವೇ ಇಲ್ಲ.

ಎದೆ ಒತ್ತುವುದು

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮೆತ್ತನೆಯ ಹಾಸಿಗೆಯಾದರೆ ನಿಮ್ಮ ಶಕ್ತಿಯೆಲ್ಲ ಹಾಸಿಗೆಗೇ ಹೋಗುತ್ತದೆ. ಎದೆಮೂಳೆಯ ಕೆಳ ಅರ್ಧದ ಮೇಲೆ, ಅಂದರೆ ಎದೆಯ ನಟ್ಟನಡುವೆ, ಒಂದು ಅಂಗೈಯ ಬುಡ ಇಟ್ಟು ಅದರ ಮೇಲೆ ಇನ್ನೊಂದು ಕೈ ಇಟ್ಟು ಬೆರಳು ಹೆಣೆಯಿರಿ. ಮೊಣಕೈ ಮಡಚಬಾರದು, ಭುಜ ನೇರ ಕೈಯ ಮೇಲೆ ಬರಬೇಕು. ತೋಳಿನ ಬಲದಿಂದಲ್ಲ, ಸೊಂಟದಿಂದ ಮೇಲಿನ ಮೈಭಾರದಿಂದ ಒತ್ತಬೇಕು. ಇಲ್ಲದಿದ್ದರೆ ಒಂದು ನಿಮಿಷದೊಳಗೆ ತೋಳು ಸೋಲುತ್ತದೆ.

ದೊಡ್ಡವರಲ್ಲಿ ಎದೆ ಕನಿಷ್ಠ 5 ಸೆಂ.ಮೀ. ಒಳಗೆ ಹೋಗಬೇಕು, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120, ಅಂದರೆ ಸೆಕೆಂಡಿಗೆ ಸುಮಾರು ಎರಡು. ಬಾಯಲ್ಲಿ ಎಣಿಸುತ್ತಾ ಒತ್ತಿದರೆ ಲಯ ತಪ್ಪುವುದಿಲ್ಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಿ. ದಣಿದವರು ಗೊತ್ತಿಲ್ಲದೆಯೇ ಎದೆಯ ಮೇಲೆ ಭಾರ ಬಿಟ್ಟು ಒರಗಿರುತ್ತಾರೆ. ಆಗ ಹೃದಯಕ್ಕೆ ರಕ್ತ ಮರಳಿ ತುಂಬುವುದೇ ಇಲ್ಲ, ಮುಂದಿನ ಒತ್ತು ಖಾಲಿ ಹೃದಯವನ್ನು ಒತ್ತಿದಂತಾಗುತ್ತದೆ.

ಮೊದಲ ಕೆಲವು ಒತ್ತುಗಳಲ್ಲೇ ಅಂಗೈಯಡಿ ಏನೋ ಲಟ್ಟೆಂದಂತೆ ಅನ್ನಿಸಬಹುದು. ಪಕ್ಕೆಲುಬೋ ಅದರ ಮೃದ್ವಸ್ಥಿಯೋ ಮುರಿದಿರುತ್ತದೆ, ವಯಸ್ಸಾದವರಲ್ಲಿ ಇದು ಸಾಮಾನ್ಯ. ಕೈ ಎಷ್ಟೇ ಹಿಂಜರಿದರೂ ನಿಲ್ಲಿಸಬೇಡಿ. ಕೈ ಸರಿಯಾದ ಜಾಗದಲ್ಲಿದೆಯೇ ಎಂದು ನೋಡಿ ಮುಂದುವರಿಸಿ. ಮುರಿದ ಪಕ್ಕೆಲುಬು ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಚೆನ್ನಾಗಿ ಮಾಡಿದ ಸಿಪಿಆರ್ ಕೂಡ ಸಹಜ ರಕ್ತಸಂಚಾರದ ಕಾಲು ಭಾಗದಿಂದ ಮೂರನೇ ಒಂದು ಭಾಗವನ್ನಷ್ಟೇ ಕೊಡುತ್ತದೆ. ಅಷ್ಟನ್ನೂ ಬಿಟ್ಟು ಬಿಟ್ಟು ಕೊಟ್ಟರೆ ಏನೂ ಉಳಿಯುವುದಿಲ್ಲ. ಒತ್ತುವುದನ್ನು ನಿಲ್ಲಿಸಿದ ತಕ್ಷಣ ಹೃದಯದ ರಕ್ತನಾಳಗಳಲ್ಲಿನ ಒತ್ತಡ ಬಿದ್ದುಹೋಗುತ್ತದೆ, ಮತ್ತೆ ಆ ಮಟ್ಟಕ್ಕೆ ಏರಲು ಹಲವು ಒತ್ತುಗಳೇ ಬೇಕು. ಹಾಗಾಗಿ ಯಾವ ಕಾರಣಕ್ಕೂ 10 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಇಬ್ಬರಿದ್ದರೆ ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಿ. "ನನಗೆ ಇನ್ನೂ ಶಕ್ತಿಯಿದೆ" ಎನ್ನುವವರ ಒತ್ತಿನ ಆಳವೂ ಅಷ್ಟರೊಳಗೆ ಕಡಿಮೆಯಾಗಿರುತ್ತದೆ, ಅದು ಅವರ ಗಮನಕ್ಕೇ ಬರುವುದಿಲ್ಲ.

ತರಬೇತಿ ಪಡೆದವರು 30 ಒತ್ತಿಗೆ 2 ಉಸಿರು ಕೊಡಬಹುದು: ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಒಂದೊಂದು ಸೆಕೆಂಡಿನ ಎರಡು ಊದು. ಎದೆ ಏರುವುದು ಕಂಡರೆ ಸಾಕು, ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ತರಬೇತಿ ಇಲ್ಲದಿದ್ದರೆ, ಅಥವಾ ಬಾಯಿಗೆ ಬಾಯಿಡಲು ಮನಸ್ಸು ಒಪ್ಪದಿದ್ದರೆ, ಬರೀ ಎದೆ ಒತ್ತಿ. ಇದ್ದಕ್ಕಿದ್ದಂತೆ ಕುಸಿದ ದೊಡ್ಡವರ ರಕ್ತದಲ್ಲಿ ಮೊದಲ ಕೆಲವು ನಿಮಿಷಕ್ಕೆ ಆಗುವಷ್ಟು ಆಮ್ಲಜನಕ ಇದ್ದೇ ಇರುತ್ತದೆ.

ಮಕ್ಕಳ ಮಾತು, ನೀರಿನಲ್ಲಿ ಮುಳುಗಿದವರ ಮಾತು ಬೇರೆ. ಅವರಲ್ಲಿ ಮೊದಲು ಉಸಿರು ನಿಂತು, ಆಮೇಲೆ ಹೃದಯ ನಿಲ್ಲುತ್ತದೆ. ಅಲ್ಲಿ ಉಸಿರು ಕೊಡುವುದೇ ಮುಖ್ಯ ಚಿಕಿತ್ಸೆ, ಬರೀ ಎದೆ ಒತ್ತಿದರೆ ಸಾಲದು. ಮಕ್ಕಳಲ್ಲಿ ಎದೆಯ ದಪ್ಪದ ಮೂರನೇ ಒಂದರಷ್ಟು ಒತ್ತಬೇಕು. ಹಸುಗೂಸಾದರೆ ಎರಡೂ ಕೈಯಿಂದ ಎದೆ ಬಳಸಿ ಹಿಡಿದು ಎರಡು ಹೆಬ್ಬೆರಳಿನಿಂದ ಒತ್ತಬೇಕು.

ಎಇಡಿ ಬಂದ ಕೂಡಲೇ

ಹೃದಯ ನಿಂತಿತು ಎನ್ನುತ್ತೇವಾದರೂ ಬಹಳ ಸಲ ಅದು ಮೊದಲಿಗೆ ನಿಂತಿರುವುದಿಲ್ಲ. ಕೆಳಕೋಣೆಗಳ ಸ್ನಾಯು ಲಯ ತಪ್ಪಿ ಗಡಗಡನೆ ಅದುರುತ್ತಿರುತ್ತದೆ, ರಕ್ತ ಹೊರಗೆ ಹೋಗುವುದಿಲ್ಲ. ಇದೇ ವೆಂಟ್ರಿಕ್ಯುಲರ್ ಫಿಬ್ರಿಲೇಶನ್. ಇದಕ್ಕಿರುವ ಮದ್ದು ವಿದ್ಯುತ್ ಶಾಕ್. ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ನಡುವೆ ಯಾರಾದರೂ ಎದೆ ಒತ್ತುತ್ತಿದ್ದರೆ ಆ ಇಳಿತ ಶೇ. 3-4ಕ್ಕೆ ನಿಧಾನವಾಗುತ್ತದೆ. ಒತ್ತುವ ಕೈಗಳು ಎಇಡಿಗಾಗಿ ಸಮಯ ಗಳಿಸಿಕೊಡುತ್ತವೆ.

ಯಂತ್ರದ ಬಟನ್ ಒತ್ತಿದರೆ ಮುಂದಿನದನ್ನು ಅದೇ ಹೇಳುತ್ತದೆ. ಎದೆಯ ಬಟ್ಟೆ ತೆಗೆಯಿರಿ ಅಥವಾ ಕತ್ತರಿಸಿ, ಬೆವರು ನೀರು ಒರೆಸಿ. ಒಂದು ಪ್ಯಾಡ್ ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡಗಡೆ ಕಂಕುಳಿನ ಕೆಳಗೆ ಪಕ್ಕೆಯ ಮೇಲೆ. ಎರಡನೆಯದನ್ನು ಎದೆಯ ಮುಂಭಾಗಕ್ಕೇ ಅಂಟಿಸಿಬಿಡುವುದು ಸಾಮಾನ್ಯ ತಪ್ಪು. ಹೃದಯ ಎರಡು ಪ್ಯಾಡ್‌ಗಳ ನಡುವೆ ಬರಬೇಕು. ಔಷಧದ ಪಟ್ಟಿ ಅಂಟಿಸಿದ್ದರೆ ಕಿತ್ತು ಒರೆಸಿ. ಚರ್ಮದಡಿ ಪೇಸ್‌ಮೇಕರ್ ಉಬ್ಬಿದ್ದರೆ ಅದರಿಂದ ಸ್ವಲ್ಪ ದೂರ ಅಂಟಿಸಿ. ಹೆಂಗಸರ ಎದೆಯ ಬಟ್ಟೆ ತೆಗೆಯಲು ಜನ ಹಿಂಜರಿಯುತ್ತಾರೆ. ಆ ಸಂಕೋಚ ಒಂದು ಜೀವಕ್ಕೆ ಎರವಾಗಬಾರದು. ಸುತ್ತ ನಿಂತವರನ್ನು ಆಚೆ ತಿರುಗಿ ನಿಲ್ಲಲು ಹೇಳಿ, ಕೆಲಸ ಮುಂದುವರಿಸಿ.

ಯಂತ್ರ ಪರೀಕ್ಷಿಸುವಾಗ, ಶಾಕ್ ಕೊಡುವಾಗ ಯಾರೂ ಮೈ ಮುಟ್ಟಬಾರದು. ಶಾಕ್ ಆದ ಮರುಕ್ಷಣವೇ, ಏನಾಯಿತೆಂದು ನೋಡುತ್ತಾ ನಿಲ್ಲದೆ, ಮತ್ತೆ ಒತ್ತಲು ಶುರುಮಾಡಿ. "ಶಾಕ್ ಬೇಡ" ಎಂದು ಯಂತ್ರ ಹೇಳಿದರೆ ರೋಗಿ ಸರಿಯಾದರು ಎಂದರ್ಥವಲ್ಲ, ಆಗಲೂ ಸಿಪಿಆರ್ ಬೇಕು.

1960ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು ಎದೆ ತೆರೆಯದೆಯೇ ಹೃದಯ ಒತ್ತುವ ವಿಧಾನವನ್ನು ಪ್ರಕಟಿಸಿದರು. ಶಾಕ್ ಕೊಡುವ ಭಾರದ ಎಲೆಕ್ಟ್ರೋಡನ್ನು ನಾಯಿಯ ಎದೆಗೆ ಬಲವಾಗಿ ಒತ್ತಿದಾಗ, ಶಾಕ್ ಕೊಡುವ ಮೊದಲೇ, ಅದರ ಬಿಪಿ ಏರಿದ್ದನ್ನು ನಿಕರ್‌ಬಾಕರ್ ಗಮನಿಸಿದ್ದರು. ಅಲ್ಲಿಯವರೆಗೆ ಎದೆ ಕೊಯ್ದು, ಕೈ ಹಾಕಿ ಹೃದಯ ಹಿಸುಕಬೇಕಿತ್ತು. ಶಸ್ತ್ರಕ್ರಿಯೆಯ ಕೋಣೆಯಲ್ಲಷ್ಟೇ ಆಗುತ್ತಿದ್ದ ಕೆಲಸ ಹೀಗೆ ದಾರಿಹೋಕರ ಕೈಗೂ ಬಂತು. ಬೇಗ ಕೊಟ್ಟ ಶಾಕ್ ಏನು ಮಾಡಬಲ್ಲದು ಎಂಬುದಕ್ಕೆ 2000ದಲ್ಲಿ ಪ್ರಕಟವಾದ, ಅಮೆರಿಕದ ಕ್ಯಾಸಿನೊಗಳಲ್ಲಿ ನಡೆದ ಅಧ್ಯಯನವೇ ಸಾಕ್ಷಿ. ಅಲ್ಲಿ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಆಗಿ ಕುಸಿದವರಿಗೆ ಭದ್ರತಾ ಸಿಬ್ಬಂದಿ 3 ನಿಮಿಷದೊಳಗೆ ಶಾಕ್ ಕೊಟ್ಟಾಗ ಶೇ. 74 ಮಂದಿ ಬದುಕಿ ಮನೆಗೆ ಹೋದರು. ತಡವಾದವರಲ್ಲಿ ಅದು ಶೇ. 49. ಆ ಸಿಬ್ಬಂದಿ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು.

ಉಸಿರಿದೆ, ಆದರೆ ತಲೆಗೆ ಏಟು ಬಿದ್ದಿದೆ

ತಲೆಗೆ ಪೆಟ್ಟು ಬಿದ್ದವರೆಲ್ಲರ ಕುತ್ತಿಗೆಗೂ ಪೆಟ್ಟಾಗಿದೆ ಎಂದೇ ಭಾವಿಸಿ. ಎಬ್ಬಿಸಿ ಕೂರಿಸಬೇಡಿ, ಕೈಕಾಲು ಹಿಡಿದು ಎತ್ತಿ ವಾಹನಕ್ಕೆ ತುಂಬಬೇಡಿ. ಒಬ್ಬರು ತಲೆಯ ಬಳಿ ಮಂಡಿಯೂರಿ, ಎರಡೂ ಅಂಗೈಯಿಂದ ತಲೆಯನ್ನು ಮೈಯ ನೇರಕ್ಕೆ ಹಿಡಿದುಕೊಂಡಿರಲಿ.

ಕುತ್ತಿಗೆ ಕಾಪಾಡುವುದೆಷ್ಟು ಮುಖ್ಯವೋ ಉಸಿರಿನ ದಾರಿ ಅದಕ್ಕಿಂತ ಮುಖ್ಯ. ಪ್ರಜ್ಞೆಯಿಲ್ಲದವರ ನಾಲಿಗೆ ಹಿಂದಕ್ಕೆ ಜಾರಿ ಗಂಟಲು ಮುಚ್ಚುತ್ತದೆ, ಗೊರಗೊರ ಸದ್ದು ಅದರ ಗುರುತು. ಆಗ ತಲೆ ಹಿಂದಕ್ಕೆ ಬಾಗಿಸದೆ, ಕಿವಿಯ ಕೆಳಗೆ ದವಡೆಯ ಮೂಲೆಗೆ ಎರಡೂ ಕಡೆ ಬೆರಳು ಹಾಕಿ ದವಡೆಯನ್ನು ಮುಂದಕ್ಕೆ ತಳ್ಳಿ. ಇದರಿಂದಲೂ ದಾರಿ ತೆರೆಯದಿದ್ದರೆ ತಲೆಯನ್ನು ಸ್ವಲ್ಪ ಸ್ವಲ್ಪವೇ ಬಾಗಿಸಲೇಬೇಕು. ವಾಂತಿಯಾದರೆ ಅಥವಾ ಬಾಯಲ್ಲಿ ರಕ್ತ ತುಂಬಿದರೆ ಇಬ್ಬರು ಮೂವರು ಸೇರಿ ತಲೆ, ಕುತ್ತಿಗೆ, ಬೆನ್ನು ಒಂದೇ ಗೆರೆಯಲ್ಲಿರುವಂತೆ ಒಟ್ಟಿಗೆ ಮಗ್ಗುಲಿಗೆ ಹೊರಳಿಸಿ. ವಾಂತಿ ಶ್ವಾಸಕೋಶಕ್ಕೆ ಇಳಿಯಲು ಬಿಟ್ಟರೆ ಮಿದುಳಿಗೆ ಎರಡನೆಯ ಪೆಟ್ಟನ್ನು ನಾವೇ ಕೊಟ್ಟಂತೆ.

ಹೆಲ್ಮೆಟ್ ತೊಟ್ಟಿದ್ದು ಉಸಿರಾಟ ಸರಾಗವಾಗಿದ್ದರೆ ಅದನ್ನು ಹಾಗೇ ಬಿಡಿ. ಉಸಿರಿಗೆ ಅಡ್ಡಿಯಾಗುತ್ತಿದ್ದರೆ ತೆಗೆಯಲೇಬೇಕು, ಆದರೆ ಇಬ್ಬರು ಬೇಕು: ಒಬ್ಬರು ಕೆಳಗಿನಿಂದ ದವಡೆ ಮತ್ತು ಕತ್ತಿನ ಹಿಂಭಾಗ ಹಿಡಿದಿರುವಾಗ ಇನ್ನೊಬ್ಬರು ಪಟ್ಟಿ ಬಿಚ್ಚಿ, ಅಂಚುಗಳನ್ನು ಅಗಲಿಸಿ ನಿಧಾನಕ್ಕೆ ಎಳೆಯಬೇಕು.

ನೆತ್ತಿಯ ಚರ್ಮದಿಂದ ರಕ್ತ ಧಾರಾಳವಾಗಿ ಹರಿಯುತ್ತದೆ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಮೂಳೆ ಒಳಕ್ಕೆ ತಗ್ಗಿದಂತೆ ಕಂಡರೆ ನೇರ ಒತ್ತಬೇಡಿ, ಮೇಲೆ ಸಡಿಲವಾಗಿ ಮುಚ್ಚಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ. ಕಿವಿ ಮೂಗಿನಿಂದ ನೀರಿನಂಥದ್ದೋ ರಕ್ತ ಬೆರೆತದ್ದೋ ಸೋರಿದರೆ ಹತ್ತಿ ತುರುಕಬೇಡಿ. ಬುರುಡೆಯ ತಳ ಬಿರುಕು ಬಿಟ್ಟಿರಬಹುದು, ಸೋರಲು ಬಿಡಿ. ಬಾಯಿಗೆ ನೀರು ಹಾಕಬೇಡಿ, ಯಾವ ಮಾತ್ರೆಯೂ ಬೇಡ. ಚಳಿಯಾಗದಂತೆ ಹೊದಿಸಿ.

ಗಾಯಾಳುವಿನ ಉಸಿರೇ ನಿಂತಿದ್ದರೆ? ಹೊರಗೆ ಕಾಣುವ ಭಾರೀ ರಕ್ತಸ್ರಾವವನ್ನು ಒತ್ತಿ ನಿಲ್ಲಿಸಿ, ಉಸಿರಿನ ದಾರಿ ತೆರೆದು, ಸಿಪಿಆರ್ ಮಾಡಿ. ಅಪಘಾತದಿಂದ ಹೃದಯ ನಿಂತವರಲ್ಲಿ ಬದುಕುವವರು ಕಡಿಮೆ, ಆದರೆ ಇದ್ದಾರೆ. ಬರೀ ತಲೆಗೆ ಏಟು ಬಿದ್ದು ಕೆಲಹೊತ್ತು ಉಸಿರು ಮಾತ್ರ ಕಟ್ಟಿರುವವರೂ ಅವರಲ್ಲಿರುತ್ತಾರೆ. ಆ ಹೊತ್ತಿನಲ್ಲಿ ಗಾಳಿ ಸಿಕ್ಕರೆ ಉಳಿಯುತ್ತಾರೆ.

ಎದ್ದು ಕೂತು ಮಾತಾಡಿದವರು

ನನಗೆ ಹೆಚ್ಚು ಭಯ ಇವರ ಬಗ್ಗೆಯೇ. ಏಟು ಬಿದ್ದಾಗ ಒಂದು ಗಳಿಗೆ ಎಚ್ಚರ ತಪ್ಪಿ, ಆಮೇಲೆ ಎದ್ದು ಬಟ್ಟೆ ಕೊಡವಿಕೊಂಡು "ಏನೂ ಆಗಿಲ್ಲ" ಎಂದು ಮನೆಗೆ ಹೋಗುತ್ತಾರೆ. ಕಿವಿಯ ಮೇಲ್ಭಾಗದ ಮೂಳೆ ತೆಳು, ಅದರ ಒಳಮೈಯಲ್ಲೇ ಒಂದು ರಕ್ತನಾಳ ಹಾದುಹೋಗುತ್ತದೆ. ಮೂಳೆ ಬಿರಿದು ಅದು ಹರಿದರೆ ಬುರುಡೆಗೂ ಮಿದುಳಿನ ಹೊದಿಕೆಗೂ ನಡುವೆ ರಕ್ತ ಶೇಖರವಾಗುತ್ತಾ ಹೋಗುತ್ತದೆ. ಕೆಲವು ಗಂಟೆ ಎಲ್ಲವೂ ಸರಿಯಿದ್ದಂತೆ ಕಂಡು, ನಂತರ ತಲೆನೋವು, ವಾಂತಿ, ಮಂಪರು. ಮಲಗಿ ನಿದ್ದೆ ಮಾಡಲಿ ಎಂದು ಬಿಟ್ಟವರು ಬೆಳಿಗ್ಗೆ ಏಳುವುದಿಲ್ಲ. ಸಮಯಕ್ಕೆ ಸರಿಯಾಗಿ ಶಸ್ತ್ರಕ್ರಿಯೆಯಾದರೆ ಪೂರ್ತಿ ಗುಣವಾಗಬಲ್ಲ ಗಾಯವಿದು, ಅದಕ್ಕೇ ಈ ಸಾವುಗಳು ಹೊಟ್ಟೆಯುರಿಸುತ್ತವೆ.

ಏಟು ಬಿದ್ದ ಮೊದಲ 24 ಗಂಟೆ ಯಾರಾದರೂ ಜೊತೆಗಿರಬೇಕು. ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು, ಒಂದು ಕೈಯೋ ಕಾಲೋ ಬಲ ಕಳೆದುಕೊಳ್ಳುವುದು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪಗಾಗುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ಲಕ್ಷಣಗಳಿಗಾಗಿ ಕಾಯದೆ ತೋರಿಸಿಕೊಳ್ಳಬೇಕು. ಅವರಲ್ಲಿ ಸಣ್ಣ ಪೆಟ್ಟಿಗೂ ನಿಧಾನವಾಗಿ ರಕ್ತ ಸೋರಿ ವಾರಗಳ ನಂತರ ತೊಂದರೆ ಕಾಣಿಸಿಕೊಳ್ಳಬಹುದು.

ಆಸ್ಪತ್ರೆಗೆ ಹೇಳಬೇಕಾದ ಮಾತು

ಕುಸಿದದ್ದು ಎಷ್ಟು ಹೊತ್ತಿಗೆ, ಕಣ್ಣಾರೆ ಕಂಡವರು ಯಾರು, ಸಿಪಿಆರ್ ಎಷ್ಟು ಹೊತ್ತಿಗೆ ಶುರುವಾಯಿತು, ಎಷ್ಟು ಶಾಕ್ ಕೊಟ್ಟರು, ಬೀಳುವ ಮುನ್ನ ಎದೆನೋವು ಎಂದಿದ್ದರೇ, ಬಿದ್ದ ಮೇಲೆ ಮಾತಾಡಿದ್ದರೇ, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂದು ಚೀಟಿಯಲ್ಲಿ ಬರೆದುಕೊಡಿ. "ಮೊದಲು ಮಾತಾಡುತ್ತಿದ್ದರು, ಅರ್ಧ ಗಂಟೆಯಿಂದ ಇಲ್ಲ" ಎಂಬ ಒಂದು ವಾಕ್ಯ ನರಶಸ್ತ್ರಚಿಕಿತ್ಸಕರನ್ನು ಓಡಿ ಬರುವಂತೆ ಮಾಡುತ್ತದೆ.

ಹೃದಯ ನಿಂತವರಿಗೆ ಒಳಗೆ ನಡೆಯುವ ಚಿಕಿತ್ಸೆ

ಎದೆ ಒತ್ತುವುದೂ ಶಾಕ್ ಕೊಡುವುದೂ ಮುಂದುವರಿಯುತ್ತದೆ. ಅದರ ಜೊತೆ 3ರಿಂದ 5 ನಿಮಿಷಕ್ಕೊಮ್ಮೆ 1 ಮಿ.ಗ್ರಾಂ. ಅಡ್ರಿನಲಿನ್, ಮೂರು ಶಾಕ್‌ಗೂ ಬಗ್ಗದಿದ್ದರೆ ಹೃದಯದ ಲಯ ಸರಿಪಡಿಸುವ ಅಮಿಯೊಡರೋನ್ 300 ಮಿ.ಗ್ರಾಂ. ಅಡ್ರಿನಲಿನ್ ಬಗ್ಗೆ ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಒಂದು ಕಹಿಸತ್ಯ ಹೇಳಿತು: 30 ದಿನ ಬದುಕಿದವರು ಶೇ. 2.4ರಿಂದ 3.2ಕ್ಕೆ ಏರಿದರು, ಆದರೆ ಬದುಕಿದವರಲ್ಲಿ ಮಿದುಳಿಗೆ ತೀವ್ರ ಹಾನಿಯಾದವರ ಪ್ರಮಾಣವೂ ಏರಿತು. ಹೃದಯವನ್ನು ಮತ್ತೆ ಬಡಿಸಬಲ್ಲ ಔಷಧ ಮಿದುಳನ್ನು ಕಾಯಲಾರದು. ಆ ಕೆಲಸ ಮೊದಲ ನಿಮಿಷಗಳಲ್ಲಿ ಎದೆ ಒತ್ತಿದ ಕೈಗಳದ್ದು.

ಇದರ ನಡುವೆಯೇ ಕಾರಣ ಹುಡುಕಬೇಕು: ಆಮ್ಲಜನಕ ಕಡಿಮೆಯೇ, ರಕ್ತ ನಷ್ಟವೇ, ಪೊಟ್ಯಾಸಿಯಂ ಏರುಪೇರೇ, ಮೈ ತಣ್ಣಗಾಗಿದೆಯೇ, ಹೃದಯ ಅಥವಾ ಶ್ವಾಸಕೋಶದ ರಕ್ತನಾಳ ಕಟ್ಟಿದೆಯೇ, ಎದೆಗೂಡಿನಲ್ಲಿ ಗಾಳಿ ಅಥವಾ ಹೃದಯದ ಸುತ್ತ ರಕ್ತ ತುಂಬಿದೆಯೇ, ವಿಷವೇ. ಹೃದಯ ಮರಳಿ ಬಡಿದ ಮೇಲೆ ಇಸಿಜಿಯಲ್ಲಿ ದೊಡ್ಡ ಹೃದಯಾಘಾತದ ಗುರುತಿದ್ದರೆ ಕೂಡಲೇ ಆಂಜಿಯೋಗ್ರಾಂ. ನಂತರ ಐಸಿಯುನಲ್ಲಿ ಆಮ್ಲಜನಕ ಶೇ. 94ರಿಂದ 98ರ ನಡುವೆ, ಬಿಪಿ ಕುಸಿಯದಂತೆ, ಸಕ್ಕರೆ ಏರಿಳಿಯದಂತೆ ನೋಡಿಕೊಳ್ಳುತ್ತಾರೆ. ಮೈಯನ್ನು 33 ಡಿಗ್ರಿಗೆ ತಂಪು ಮಾಡುವ ಪದ್ಧತಿ 2002ರ ಎರಡು ಅಧ್ಯಯನಗಳಿಂದ ಹಬ್ಬಿತ್ತು. 2021ರ ದೊಡ್ಡ ಅಧ್ಯಯನದಲ್ಲಿ ಅದಕ್ಕೂ, ಬರೀ ಜ್ವರ ಬಾರದಂತೆ ತಡೆಯುವುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಜ್ವರವನ್ನಂತೂ ಬಿಡಬಾರದು.

ತಲೆಗೆ ಪೆಟ್ಟಾದವರಿಗೆ

ಗಾಯದ ತೀವ್ರತೆ ಅಳೆಯಲು ಬಳಸುವ ಗ್ಲಾಸ್ಗೋ ಕೋಮಾ ಸ್ಕೇಲನ್ನು 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಏನೂ ಇಲ್ಲದವರಿಗೂ 3 ಅಂಕ. 8 ಅಥವಾ ಕಡಿಮೆಯಾದರೆ ಭಾರೀ ಪೆಟ್ಟು. ಈ ಅಂಕದಲ್ಲಿ ಹೆಚ್ಚು ಹೇಳುವುದು ಚಲನೆ. ವೈದ್ಯರು ಹುಬ್ಬಿನ ಮೂಳೆಯ ಅಂಚನ್ನು ಹೆಬ್ಬೆರಳಿಂದ ಒತ್ತುತ್ತಾರೆ. ರೋಗಿ ಕೈ ಎತ್ತಿ ಆ ಬೆರಳನ್ನು ತಳ್ಳಲು ಬಂದರೆ 5. ನೋವಿಗೆ ಕೈ ಮಡಚಿ ಹಿಂದೆಳೆದುಕೊಂಡರೆ 4. ಕೈ ಬಿಗಿಯಾಗಿ ಎದೆಯತ್ತ ಸುರುಟಿದರೆ 3. ತೋಳು ನೀಟಾಗಿ ಸೆಟೆದು ಒಳಕ್ಕೆ ತಿರುಚಿಕೊಂಡರೆ 2. ಆಮೇಲೆ ಟಾರ್ಚ್ ಬಿಟ್ಟು ಪಾಪೆ ಕುಗ್ಗುತ್ತದೆಯೇ ನೋಡುತ್ತಾರೆ. ಗಂಟೆಗಂಟೆಗೂ ನರ್ಸ್ ಬಂದು ಇದನ್ನೇ ಮಾಡುವುದು ಕಂಡು ಮನೆಯವರು "ಯಾಕೆ ಹಿಂಸೆ ಕೊಡುತ್ತೀರಿ" ಎಂದು ನೊಂದುಕೊಳ್ಳುತ್ತಾರೆ. 5 ಇದ್ದದ್ದು 3ಕ್ಕೆ ಇಳಿದದ್ದು ಸಕಾಲಕ್ಕೆ ಗೊತ್ತಾಗುವುದು ಈ ಪರೀಕ್ಷೆಯಿಂದಲೇ.

ಅಂಕ 8ಕ್ಕಿಂತ ಮೇಲಿಲ್ಲದಿದ್ದರೆ ಗಂಟಲಿಗೆ ಕೊಳವೆ ಹಾಕಿ ಕೃತಕ ಉಸಿರಾಟ ಕೊಡುತ್ತಾರೆ. ಮೇಲಿನ ಬಿಪಿ 90ಕ್ಕಿಂತ ಕೆಳಗಿಳಿದದ್ದು ಒಂದೇ ಒಂದು ಸಲವಾದರೂ ಸಾವಿನ ಸಾಧ್ಯತೆ ಸುಮಾರು ಇಮ್ಮಡಿಯಾಗುತ್ತದೆ ಎಂದು 1993ರಲ್ಲೇ ತಿಳಿದಿತ್ತು. ಈಗ ವಯಸ್ಸಿಗೆ ತಕ್ಕಂತೆ 100-110ರ ಮೇಲೆ ಇಡುವುದು ಗುರಿ. ಪೆಟ್ಟು ಬಿದ್ದ 3 ಗಂಟೆಯೊಳಗೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರೆ ಸಾಧಾರಣ, ಮಧ್ಯಮ ಪ್ರಮಾಣದ ಗಾಯವಿರುವವರಲ್ಲಿ ಸಾವು ಕಡಿಮೆಯಾಗುವುದನ್ನು 2019ರ ಅಧ್ಯಯನ ತೋರಿಸಿತು. ತೀರ ಭಾರೀ ಗಾಯದಲ್ಲಿ ಆ ಪ್ರಯೋಜನ ಕಾಣಲಿಲ್ಲ.

ತಲೆಬುರುಡೆ ಮುಚ್ಚಳ ಬಿಗಿದ ಪಾತ್ರೆಯಿದ್ದಂತೆ. ಒಳಗೆ ರಕ್ತವೋ ಊತವೋ ಹೆಚ್ಚಿದರೆ ಹಿಗ್ಗಲು ಜಾಗವಿಲ್ಲ. ಒತ್ತಡ 22 ಮಿ.ಮೀ. ಪಾದರಸ ದಾಟಿದರೆ ಚಿಕಿತ್ಸೆ ಬೇಕು. ತಲೆದಿಂಬಿನ ಕಡೆ 30 ಡಿಗ್ರಿ ಎತ್ತರಿಸುವುದು, ನಿದ್ರೆ ಮತ್ತು ನೋವಿನ ಔಷಧ, ಮಿದುಳಿನ ಊತ ಇಳಿಸುವ ಮ್ಯಾನಿಟಾಲ್ ಅಥವಾ ಹೆಚ್ಚು ಉಪ್ಪಿನಂಶದ ಸಲೈನ್ ಮೊದಲ ಅಸ್ತ್ರಗಳು. ಬಿಪಿ ಏರುತ್ತಾ ನಾಡಿ ನಿಧಾನವಾಗುತ್ತಾ ಒಂದು ಪಾಪೆ ಹಿಗ್ಗಿದರೆ ಮಿದುಳು ಕೆಳಕ್ಕೆ ಜಾರುತ್ತಿದೆ ಎಂದರ್ಥ, ಅಲ್ಲಿಂದ ನಿಮಿಷಗಳ ಲೆಕ್ಕ. ಬುರುಡೆಯಡಿ ಶೇಖರವಾದ ರಕ್ತ 30 ಘನ ಸೆಂ.ಮೀ. ಮೀರಿದರೆ, ಅಥವಾ ಮಿದುಳಿನ ಹೊದಿಕೆಯಡಿಯ ರಕ್ತದ ಪದರ 10 ಮಿ.ಮೀ. ದಾಟಿದರೆ, ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. ಇದ್ಯಾವುದಕ್ಕೂ ಬಗ್ಗದ ಒತ್ತಡಕ್ಕೆ ಬುರುಡೆಯ ಒಂದು ಭಾಗವನ್ನೇ ತೆಗೆದಿಡುವುದುಂಟು. 2016ರ ಅಧ್ಯಯನದಲ್ಲಿ ಇದರಿಂದ ಆರು ತಿಂಗಳ ಹೊತ್ತಿಗೆ ಸಾವು ಶೇ. 48.9ರಿಂದ 26.9ಕ್ಕೆ ಇಳಿಯಿತು, ಆದರೆ ಕಣ್ಣು ತೆರೆದೂ ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರು ಶೇ. 2.1ರಿಂದ 8.5ಕ್ಕೆ ಏರಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಎರಡೂ ಅಂಕಿಗಳನ್ನು ಮನೆಯವರು ಕೇಳಿ ತಿಳಿಯಬೇಕು.

ಸ್ಟೀರಾಯ್ಡ್ ಬೇಡ. 2004ರಲ್ಲಿ 10,008 ಮಂದಿಯ ಮೇಲಿನ ಅಧ್ಯಯನ ಅದರಿಂದ ಸಾವು ಹೆಚ್ಚುತ್ತದೆಂದು ಸ್ಪಷ್ಟವಾಗಿ ತೋರಿಸಿತು.

"ಬದುಕುತ್ತಾರಾ?"

ಐಸಿಯು ಬಾಗಿಲಲ್ಲಿ ಮೊದಲ ದಿನವೇ ಈ ಪ್ರಶ್ನೆ ಬರುತ್ತದೆ. ಪ್ರಾಮಾಣಿಕ ಉತ್ತರವೆಂದರೆ, ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆ ಸೇರುವವರು ಸುಮಾರು ಹತ್ತರಲ್ಲಿ ಒಬ್ಬರು, ಎಷ್ಟೋ ಕಡೆ ಅದಕ್ಕಿಂತ ಕಡಿಮೆ. ಆಸ್ಪತ್ರೆಯೊಳಗೆ ನಿಂತರೆ ನಾಲ್ಕೈದರಲ್ಲಿ ಒಬ್ಬರು. ತಲೆಯ ಭಾರೀ ಪೆಟ್ಟಿನಲ್ಲಿ ಸಾವು ಶೇ. 30-40. ಆದರೆ ಸರಾಸರಿ ಅಂಕಿ ಎದುರಿಗೆ ಮಲಗಿರುವವರ ಬಗ್ಗೆ ಹೇಳುವುದು ಕಡಿಮೆ. ಯಾರಾದರೂ ನೋಡುತ್ತಿರುವಾಗ ಕುಸಿದು, ಕೂಡಲೇ ಸಿಪಿಆರ್ ಸಿಕ್ಕಿ, ಶಾಕ್‌ಗೆ ಬಗ್ಗುವ ಲಯವಿದ್ದರೆ ಆಸೆ ಹೆಚ್ಚು. ತಲೆಯ ಪೆಟ್ಟಿನಲ್ಲಿ ವಯಸ್ಸು, ಚಲನೆಯ ಅಂಕ, ಪಾಪೆ, ಸಿಟಿ ಸ್ಕ್ಯಾನ್, ಬಿಪಿ ಮತ್ತು ಆಮ್ಲಜನಕ ಕುಸಿದಿತ್ತೇ ಎಂಬುದು ಸೇರಿ ದಿಕ್ಕು ತೋರಿಸುತ್ತವೆ.

ಹೃದಯ ಸ್ತಂಭನದ ನಂತರ ಎಚ್ಚರಗೊಳ್ಳದವರ ಬಗ್ಗೆ 72 ಗಂಟೆಗೆ ಮೊದಲು ತೀರ್ಮಾನ ಹೇಳಬಾರದು. ನಿದ್ರೆಯ ಔಷಧದ ಪ್ರಭಾವ ಉಳಿದಿದ್ದರೆ ಇನ್ನೂ ಕಾಯಬೇಕು. ಆಮೇಲೂ ಒಂದೇ ಪರೀಕ್ಷೆ ನಂಬುವಂತಿಲ್ಲ. ಪಾಪೆ ಮತ್ತು ಕಣ್ಣಿನ ಕರಿಗುಡ್ಡೆಯ ಪ್ರತಿವರ್ತನೆ, ಮಿದುಳಿನ ವಿದ್ಯುತ್ ಚಟುವಟಿಕೆ ದಾಖಲಿಸುವ ಇಇಜಿ, ಮಣಿಕಟ್ಟಿನ ನರಕ್ಕೆ ಕೊಟ್ಟ ಸಂಕೇತ ಮಿದುಳಿಗೆ ತಲುಪುತ್ತದೆಯೇ ಎಂಬ ಪರೀಕ್ಷೆ, ನರಕೋಶ ಹಾಳಾದಾಗ ರಕ್ತಕ್ಕೆ ಸೇರುವ ಎನ್‌ಎಸ್‌ಇ ಪ್ರಮಾಣ, ಸ್ಕ್ಯಾನ್: ಇವುಗಳಲ್ಲಿ ಎರಡು ಮೂರಾದರೂ ಒಂದೇ ಮಾತು ಹೇಳಬೇಕು. ಬೇಗ ಕೈಬಿಡುವುದರ ಅಪಾಯವೆಂದರೆ, "ಬದುಕುವುದಿಲ್ಲ" ಎಂದು ವೆಂಟಿಲೇಟರ್ ತೆಗೆದರೆ ಆ ಭವಿಷ್ಯ ನಿಜವಾಗಿಯೇ ಬಿಡುತ್ತದೆ, ತಪ್ಪಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ತಲೆಯ ಪೆಟ್ಟಿನಲ್ಲಿ ಚೇತರಿಕೆ ಇನ್ನೂ ನಿಧಾನ, ಆರು ತಿಂಗಳು, ಒಂದು ವರ್ಷ, ಅದರಾಚೆಗೂ ಸುಧಾರಣೆ ಕಾಣುತ್ತದೆ.

ವೈದ್ಯರನ್ನು ಕೇಳಿ: ಈಗಿನ ಅಂಕವೆಷ್ಟು, ನಿನ್ನೆ ಎಷ್ಟಿತ್ತು? ನಿದ್ರೆಯ ಔಷಧ ಯಾವಾಗ ನಿಲ್ಲಿಸಿದಿರಿ? ಮುಂದಿನ ಪರೀಕ್ಷೆ ಯಾವುದು, ಯಾವಾಗ? ಬದುಕಿದರೆ ಎಂಥ ಬದುಕು ಎಂದು ನಿಮ್ಮ ಅಂದಾಜು? ಮಿದುಳು ಸಾವು ಎಂದು ಹೇಳಿದರೆ ಅದು ಕೋಮಾ ಅಲ್ಲ. ನಿಗದಿತ ಪರೀಕ್ಷೆಗಳಿಂದ, ವೆಂಟಿಲೇಟರ್ ಬೇರ್ಪಡಿಸಿ ಸ್ವಂತ ಉಸಿರಿನ ಯತ್ನವೇ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಹೇಳುವ ಮಾತದು. ಅಲ್ಲಿಂದ ಮರಳಿದವರಿಲ್ಲ.

ಮನೆಗೆ ಬಂದ ಮೇಲೆ

ಹೊರಗಿನಿಂದ ಗುಣವಾದಂತೆ ಕಂಡವರಲ್ಲೂ ಮರೆವು, ಬೇಗ ದಣಿವು, ಮುಂಗೋಪ, ಖಿನ್ನತೆ ಬಹಳ. ನಡೆದಾಡುತ್ತಾರೆ, ಆದರೆ ಹಳೆಯ ಕೆಲಸದ ಲೆಕ್ಕ ಹಿಡಿಯಲಾರರು. ಇದನ್ನು ಸೋಮಾರಿತನ ಎಂದುಕೊಳ್ಳಬೇಡಿ, ಮಿದುಳಿನ ಗಾಯ ಅದು. ಫಿಸಿಯೋಥೆರಪಿಯ ಜೊತೆ ನೆನಪು ಮತ್ತು ಗಮನದ ತರಬೇತಿ, ಮನೋವೈದ್ಯರ ನೆರವೂ ಬೇಕು. ವಾಹನ ಓಡಿಸುವುದು, ಎತ್ತರದಲ್ಲಿ ಕೆಲಸ ಮಾಡುವುದು ವೈದ್ಯರು ಒಪ್ಪುವವರೆಗೆ ಬೇಡ. ತಲೆಯ ಗಾಯ ಮಾಯುವ ಮೊದಲೇ ಇನ್ನೊಂದು ಏಟು ಬಿದ್ದರೆ ಅದು ಸಣ್ಣದಾದರೂ ಪ್ರಾಣಕ್ಕೆ ಮುಳುವಾಗಬಹುದು. ಆಟಗಾರರು ಲಕ್ಷಣಗಳೆಲ್ಲ ಹೋಗುವ ತನಕ ಮೈದಾನಕ್ಕಿಳಿಯಬಾರದು.

ಹೃದಯ ಸ್ತಂಭನದಿಂದ ಬದುಕಿದ ಹಲವರಿಗೆ ಮತ್ತೆ ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಐಸಿಡಿ ಎಂಬ ಸಾಧನವನ್ನು ಚರ್ಮದಡಿ ಇಡುತ್ತಾರೆ. ಚಿಕ್ಕ ವಯಸ್ಸಿನಲ್ಲಿ ಕಾರಣ ಸಿಗದೆ ಹೃದಯ ನಿಂತಿದ್ದರೆ, ಅವರು ಬದುಕಿರಲಿ ಇಲ್ಲದಿರಲಿ, ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಬೇಕು. ಹೃದಯದ ಲಯ ಕೆಡಿಸುವ ಕೆಲವು ಕಾಯಿಲೆಗಳು ವಂಶವಾಹಿಯಾಗಿ ಬರುತ್ತವೆ, ಮೊದಲೇ ಗೊತ್ತಾದರೆ ಮಾತ್ರೆಯಿಂದಲೋ ಐಸಿಡಿಯಿಂದಲೋ ತಡೆಯಬಹುದು.